ಕೋಳಿ ಮರಿಗೂ ಮೊಟ್ಟೆಯಿಡುವ ಹ್ಯಾಟೆಗೂ ಒಂದೇ ಮೂಟೆ ಫೀಡ್ ಹಾಕಬಹುದೇ?

ತೋಟದಮನೆ, ತುರುವೇಕೆರೆ
ಎಲ್ಲರಿಗೂ ನಮಸ್ಕಾರ. ತೆಂಗಿನ ತೋಟದಲ್ಲಿ ಮೊದಲಿನಿಂದಲೂ ಒಂದಷ್ಟು ನಾಟಿ ಹ್ಯಾಟೆಗಳಿವೆ. ಈಗ ಸ್ವರ್ಣಧಾರಾ ತಳಿಯ ಮರಿಗಳನ್ನು ತಂದಿದ್ದೇನೆ, ಅವಕ್ಕೆ ಇನ್ನೂ ತಿಂಗಳು ತುಂಬಿಲ್ಲ. ರಾತ್ರಿ ಎಲ್ಲಕ್ಕೂ ಒಂದೇ ಕೊಟ್ಟಿಗೆ, ಹಗಲು ತೋಟದಲ್ಲಿ ಒಟ್ಟಿಗೇ ಓಡಾಡುತ್ತವೆ. ಫೀಡ್ ಅಂಗಡಿಯವರು ‘50 ಕೆ.ಜಿ. ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಪುಡಿ ಮೇವು) ಒಂದು ಮೂಟೆ ಒಯ್ಯಿರಿ, ದೊಡ್ಡದು ಚಿಕ್ಕದು ಎಲ್ಲವೂ ತಿನ್ನುತ್ತವೆ’ ಎನ್ನುತ್ತಾರೆ. ಪಕ್ಕದ ತೋಟದವರು ‘ಅದೆಲ್ಲ ದುಡ್ಡು ದಂಡ, ರಾಗಿ ಮತ್ತು ಜೋಳ ಎರಚಿದರೆ ಸಾಕು’ ಎನ್ನುತ್ತಾರೆ. ಇತ್ತೀಚೆಗೆ ಹ್ಯಾಟೆಗಳ ಮೊಟ್ಟೆ ಬೆರಳು ತಾಗಿದರೆ ಬಿರುಕು ಬಿಡುವಷ್ಟು ತೆಳುವಾಗಿದೆ. ಎರಡು ಬಾರಿ ಚಿಪ್ಪೇ ಇಲ್ಲದೆ ಬರೀ ಪೊರೆಯ ಮೊಟ್ಟೆ ಸಿಕ್ಕಿತು. ಯಾರ ಮಾತು ಸರಿ? ಅನುಭವ ಇರುವವರು ತಿಳಿಸಿ.

ಹುಂಜದಕೂಗು, ಹಾಸನ
ಮರಿಗಳಿಗೆ ಲೇಯರ್ ಮ್ಯಾಶ್ ಹಾಕಬೇಡಿ. ಉಳಿದದ್ದನ್ನು ಗೊತ್ತಿರುವವರು ಬರೆಯಲಿ, ಇದನ್ನು ಮಾತ್ರ ಇವತ್ತೇ ಪಾಲಿಸಿ.

ರಾಗಿಹೊಲ, ಮಾಗಡಿ
ನಮ್ಮ ಅಜ್ಜಿಯ ಕಾಲದಲ್ಲಿ ಯಾವ ಮ್ಯಾಶ್ ಇತ್ತು? ಬೆಳಿಗ್ಗೆ ಒಂದು ಹಿಡಿ ರಾಗಿ, ಸಂಜೆ ಒಂದು ಹಿಡಿ ನುಚ್ಚು. ಉಳಿದದ್ದನ್ನು ತಿಪ್ಪೆ ಕೆದಕಿ ತಾವೇ ಹುಡುಕಿಕೊಳ್ಳುತ್ತಿದ್ದವು. ರಾಗಿಯಲ್ಲಿ ಇರುವಷ್ಟು ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲೂ ಇಲ್ಲ ಎಂದು ಡಾಕ್ಟರುಗಳೇ ಹೇಳುತ್ತಾರೆ. ಮೊಟ್ಟೆ ಚಿಪ್ಪಿಗೆ ಅದಕ್ಕಿಂತ ಏನು ಬೇಕು? ಮೂಟೆ ಫೀಡ್ ಬಂದ ಮೇಲೆಯೇ ಕೋಳಿಗಳಿಗೆ ರೋಗ ಬಂದದ್ದು.

ನಿವೃತ್ತ ಪಶುವೈದ್ಯೆ
ತೋಟದಮನೆಯವರೇ, ಅಂಗಡಿಯವರ ಸಲಹೆ ತಪ್ಪು. ಅದು ಯಾಕೆ ತಪ್ಪು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದರೆ ಮುಂದೆ ಯಾವ ಮೂಟೆ ಎದುರಿಗಿದ್ದರೂ ನೀವೇ ನಿರ್ಧರಿಸಬಹುದು.

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹ್ಯಾಟೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ, ಆದ್ದರಿಂದ ದಿನ ಬಿಡದೆ ಇಡುವ ಕೋಳಿಗೆ ದಿನಕ್ಕೆ 4 ಗ್ರಾಂ ಹತ್ತಿರ ಬೇಕು. ಅದಕ್ಕೇ ಲೇಯರ್ ಮ್ಯಾಶ್‌ನಲ್ಲಿ ಕ್ಯಾಲ್ಸಿಯಂ ಶೇಕಡ 3ರಿಂದ 4 ಇಟ್ಟಿರುತ್ತಾರೆ. ಮರಿಗೆ ಬೇಕಾದದ್ದು ಶೇಕಡ 1 ಮಾತ್ರ. ಮೂರು ನಾಲ್ಕು ಪಟ್ಟು ಹೆಚ್ಚಾದ ಈ ಸುಣ್ಣವನ್ನು ಹೊರಹಾಕುವ ಕೆಲಸ ಮರಿಯ ಮೂತ್ರಪಿಂಡದ ಮೇಲೆ ಬೀಳುತ್ತದೆ. ಅದು ಕೈಕೊಟ್ಟಾಗ ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗೇ ಶೇಖರವಾಗುತ್ತದೆ. ಸತ್ತ ಮರಿಯ ಹೊಟ್ಟೆ ತೆರೆದರೆ ಹೃದಯ ಮತ್ತು ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರ ಕಾಣುತ್ತದೆ. ಬದುಕಿ ಉಳಿದದ್ದೂ ದೊಡ್ಡದಾದ ಮೇಲೆ ಸರಿಯಾಗಿ ಮೊಟ್ಟೆ ಇಡುವುದಿಲ್ಲ. ಇದು ಒಂದೇ ದಿನದಲ್ಲಿ ಆಗುವುದಿಲ್ಲ, ಆದ್ದರಿಂದಲೇ ಯಾರಿಗೂ ಫೀಡ್ ಮೇಲೆ ಅನುಮಾನ ಬರುವುದಿಲ್ಲ.

ಇನ್ನು ಪ್ರೋಟೀನ್. ಮೊಟ್ಟೆ ತಳಿಯ ಮರಿಗೆ ಮೊದಲ 8 ವಾರ ಶೇಕಡ 20ರ ಚಿಕ್ ಮ್ಯಾಶ್. ಆಮೇಲೆ ಮೊಟ್ಟೆ ಶುರುವಾಗುವವರೆಗೆ ಶೇಕಡ 16ರ ಗ್ರೋವರ್ ಮ್ಯಾಶ್. ಮೊಟ್ಟೆ ಬಂದ ಮೇಲೆ ಶೇಕಡ 16ರಿಂದ 18ರ ಲೇಯರ್ ಮ್ಯಾಶ್. ಮೂಟೆಯ ಮೇಲೆ, ಇಲ್ಲವೇ ಹೊಲಿದ ಚೀಟಿಯ ಮೇಲೆ ಇವೆಲ್ಲ ಅಚ್ಚಾಗಿರಬೇಕು. ಚೀಟಿಯೇ ಇಲ್ಲದ ಮೂಟೆಯನ್ನು ಮನೆಗೆ ತರಬೇಡಿ.

ಲೆಕ್ಕದ ಮೇಷ್ಟ್ರು, ದಾವಣಗೆರೆ
ರಾಗಿಹೊಲ ಅವರ ಮಾತನ್ನು ಲೆಕ್ಕ ಹಾಕಿ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಅಂದರೆ 4 ಗ್ರಾಂ ಸಿಗಬೇಕಾದರೆ ಒಂದು ಹ್ಯಾಟೆ ದಿನಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ರಾಗಿ ತಿನ್ನಬೇಕು. ಅದು ತಿನ್ನುವುದು ದಿನಕ್ಕೆ 100ರಿಂದ 120 ಗ್ರಾಂ. ಮನುಷ್ಯರಿಗೆ ರಾಗಿ ಒಳ್ಳೆಯ ಕ್ಯಾಲ್ಸಿಯಂ ಮೂಲ, ಒಪ್ಪಿದೆ. ಆದರೆ ನಾವು ಯಾರೂ ದಿನಾ ಮೊಟ್ಟೆ ಇಡುವುದಿಲ್ಲವಲ್ಲ. ನಮ್ಮ ಕಡೆಯ ಮೆಕ್ಕೆಜೋಳದಲ್ಲಂತೂ ಕ್ಯಾಲ್ಸಿಯಂ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ರಾಗಿಯ ಪ್ರೋಟೀನ್ ಶೇಕಡ 7ರ ಆಸುಪಾಸು, ಜೋಳದ್ದು 9. ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೂ 20 ಆಗುವುದಿಲ್ಲ.

ರಾಗಿಹೊಲ, ಮಾಗಡಿ
ಮೇಷ್ಟ್ರೇ, ಲೆಕ್ಕ ಸರಿ ಇರಬಹುದು. ಹಾಗಾದರೆ ಅಜ್ಜಿಯ ಕೋಳಿಗಳು ಗಟ್ಟಿ ಮೊಟ್ಟೆ ಹೇಗೆ ಇಟ್ಟವು? ಅದಕ್ಕೆ ಉತ್ತರ ಕೊಡಿ.

ನಿವೃತ್ತ ಪಶುವೈದ್ಯೆ
ಒಳ್ಳೆಯ ಪ್ರಶ್ನೆ, ಉತ್ತರವೂ ಇದೆ. ನಾಟಿ ಹ್ಯಾಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಆಮೇಲೆ ಮರಿಗಳೊಂದಿಗೆ ತಿಂಗಳುಗಟ್ಟಲೆ ಕಳೆಯುತ್ತದೆ. ವರ್ಷವಿಡೀ ಸೇರಿಸಿದರೂ ಎಪ್ಪತ್ತು ಎಂಬತ್ತು ದಾಟುವುದು ಅಪರೂಪ. ಆ ಬಿಡುವಿನಲ್ಲಿ ಬಸವನಹುಳು, ಗೋಡೆಯ ಗಾರೆ, ಎಲುಬಿನ ಚೂರು, ಸೊಪ್ಪು, ಹುಳು ತಿಂದು ಮೂಳೆಯಲ್ಲಿ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ. ನಿಮ್ಮ ಅಜ್ಜಿ ಮಾಡಿದ್ದು ಆ ಕೋಳಿಗೆ, ಆ ಹಿತ್ತಿಲಿಗೆ ಪೂರ್ತಿ ಸರಿ. ಸ್ವರ್ಣಧಾರಾ ಮಾತ್ರ ವರ್ಷಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ಇಡಲೆಂದೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ. ಹಿತ್ತಿಲ ಮೇವೊಂದನ್ನೇ ನಂಬಿದರೆ ಅದು ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ, ಕೊನೆಗೆ ಕಾಲಿನ ಶಕ್ತಿ ಕಳೆದುಕೊಂಡು ಕೂತುಬಿಡುತ್ತದೆ.

ಅಳಿವೆಬದಿ, ಕುಮಟಾ
ನಮ್ಮಲ್ಲಿ ಅಘನಾಶಿನಿ ಅಳಿವೆಯ ಬಳಚು ಎಂಬ ಕಪ್ಪೆಚಿಪ್ಪಿನ ಮಾಂಸ ತಿಂದಾದ ಮೇಲೆ ಚಿಪ್ಪನ್ನು ಎಸೆಯುವುದಿಲ್ಲ. ಬಿಸಿಲಿಗೆ ಒಣಗಿಸಿ, ಒರಳಲ್ಲಿ ಕುಟ್ಟಿ, ಗೋಧಿ ಕಾಳಿಗಿಂತ ಸ್ವಲ್ಪ ದೊಡ್ಡ ಚೂರು ಮಾಡಿ ತೆಂಗಿನ ಗರಟದಲ್ಲಿ ಹಾಕಿ ಗೂಡಿನ ಹತ್ತಿರ ಇಡುತ್ತೇವೆ. ಮೊಟ್ಟೆ ಇಡುವ ಕೋಳಿ ಮಾತ್ರ ಸಂಜೆ ಹೊತ್ತು ಬಂದು ಕುಕ್ಕಿ ಕುಕ್ಕಿ ತಿನ್ನುತ್ತದೆ. ಹುಂಜ ಒಮ್ಮೆ ರುಚಿ ನೋಡಿ ಹೋಗುತ್ತದೆ. ಯಾವುದಕ್ಕೆ ಬೇಕು ಎಂದು ಅವಕ್ಕೇ ಗೊತ್ತು. ಬಯಲುಸೀಮೆಯಲ್ಲಿ ಫೀಡ್ ಅಂಗಡಿಯಲ್ಲೇ ‘ಶೆಲ್ ಗ್ರಿಟ್’ ಎಂದು ಕೇಳಿದರೆ ಕೊಡುತ್ತಾರೆ.

ಇನ್ನೊಂದು ಮಾತು. ಒಣ ಮೀನು ಒಳ್ಳೆಯದು ಎಂದು ಕೆಲವರು ಉಪ್ಪು ಮೀನು ಕುಟ್ಟಿ ಮರಿಗೆ ಹಾಕುತ್ತಾರೆ. ದಯವಿಟ್ಟು ಬೇಡ. ಫೀಡಿನಲ್ಲಿ ಉಪ್ಪು ಅರ್ಧ ಶೇಕಡ ದಾಟಬಾರದು. ಉಪ್ಪು ಹೆಚ್ಚಾದರೆ ಮರಿಗಳು ನೀರು ಕುಡಿದು ಕುಡಿದು, ಬೇಧಿಯಾಗಿ ಸಾಯುತ್ತವೆ. ಉಪ್ಪು ಹಾಕದೆ ಒಣಗಿಸಿದ ಸಣ್ಣ ಮೀನಾದರೆ ಸರಿ.

ನಿವೃತ್ತ ಪಶುವೈದ್ಯೆ
ಅಳಿವೆಬದಿಯವರು ಸಂಜೆ ಎಂದದ್ದನ್ನು ಗಮನಿಸಿ. ಮೊಟ್ಟೆಗೆ ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ ಹೊತ್ತು, ಆಗ ಕೋಳಿ ಮೇಯುವುದಿಲ್ಲ. ಪುಡಿ ಸುಣ್ಣದಕಲ್ಲು ಬೇಗ ಕರಗಿ ಮುಂದೆ ಹೋಗುತ್ತದೆ. ದೊಡ್ಡ ಚೂರು ಮೇವನ್ನು ಅರೆಯುವ ಕಲ್ಲೀಜಿನಲ್ಲಿ ಉಳಿದು ನಿಧಾನವಾಗಿ ಕರಗುತ್ತಾ ರಾತ್ರಿಯಿಡೀ ಒದಗುತ್ತದೆ. ಚಿಪ್ಪು ತೆಳುವಾಗಿದೆ ಎಂದವರು ಮೊದಲು ಇದನ್ನೇ ಮಾಡಿ ನೋಡಬೇಕು.

ಹುಂಜದಕೂಗು, ಹಾಸನ
ಚಿಪ್ಪಿನ ಚೂರು ಬೇರೆ, ಹೊಟ್ಟೆಯಲ್ಲಿ ಕಾಳು ಅರೆಯಲು ಕೋಳಿ ನುಂಗುವ ಕಲ್ಲು ಬೇರೆ. ಹೊರಗೆ ಬಿಡದೆ ಕಾಳು ತಿನ್ನಿಸುವವರು ಸಣ್ಣ ಹರಳು ಮರಳನ್ನೂ ಇಡಬೇಕು. ತೋಟದಲ್ಲಿ ಬಿಡುವ ಕೋಳಿಗೆ ಅದರ ಚಿಂತೆ ಇಲ್ಲ.

ತೋಟದಮನೆ, ತುರುವೇಕೆರೆ
ಇಷ್ಟು ಬೇಗ ಇಷ್ಟು ಉತ್ತರ ಬಂದದ್ದು ಸಂತೋಷ. ಆದರೆ ನನ್ನ ಕಷ್ಟ ಹಾಗೆಯೇ ಇದೆ. ಎರಡು ಕೊಟ್ಟಿಗೆ ಕಟ್ಟಲು ಈಗ ಆಗುವುದಿಲ್ಲ. ಎರಡು ಬಗೆ ಮ್ಯಾಶ್ ತಂದರೂ ಹ್ಯಾಟೆಗಳು ಮರಿಯ ತಟ್ಟೆಗೆ ನುಗ್ಗುತ್ತವೆ, ಮರಿಗಳು ಹ್ಯಾಟೆಯ ತಟ್ಟೆಗೆ ಹಾರುತ್ತವೆ. ಒಟ್ಟಿಗಿರುವ ಹಿಂಡಿಗೆ ಏನು ಮಾಡುವುದು?

ಗೌರಿಬಿದನೂರಿನ ಅಕ್ಕ
ತಮ್ಮಾ, ಮನೆಯಲ್ಲಿ ಹಳೆಯ ಮಂಕರಿ ಇದೆಯೇ? ಅದನ್ನು ಬೋರಲು ಹಾಕಿ ಎರಡು ಮೂರು ಇಟ್ಟಿಗೆ ಚೂರಿನ ಮೇಲೆ ಎತ್ತರಿಸು. ಮರಿ ತಲೆ ಬಗ್ಗಿಸಿ ಒಳಗೆ ಹೋಗುವಷ್ಟು ಸಂದಿ ಇರಲಿ, ಹ್ಯಾಟೆಯ ಕತ್ತು ಮಾತ್ರ ತೂರುವಷ್ಟು ಇರಲಿ. ಚಿಕ್ ಮ್ಯಾಶ್ ತಟ್ಟೆಯನ್ನು ಮಂಕರಿಯ ನಟ್ಟನಡುವೆ ಇಡು, ಅಂಚಿಗೆ ಇಟ್ಟರೆ ಹ್ಯಾಟೆ ಕತ್ತು ಚಾಚಿ ಬಾಚಿಕೊಳ್ಳುತ್ತದೆ. ಮೇಲೆ ಒಂದು ಕಲ್ಲು ಹೇರು, ಇಲ್ಲವಾದರೆ ಉರುಳಿಸಿಬಿಡುತ್ತವೆ. ಮರಿ ಬೆಳೆದಂತೆ ಇಟ್ಟಿಗೆ ಏರಿಸುತ್ತಾ ಹೋಗು. ಮರಿಗಳು ಎರಡು ದಿನದಲ್ಲಿ ದಾರಿ ಕಲಿಯುತ್ತವೆ. ಹ್ಯಾಟೆಗಳ ತಟ್ಟೆಯನ್ನು ಮರಿಯ ತಲೆಗಿಂತ ಎತ್ತರಕ್ಕೆ ನೇತುಹಾಕು.

ನಿವೃತ್ತ ಪಶುವೈದ್ಯೆ
ಅಕ್ಕನ ಉಪಾಯ ತುಂಬಾ ಚೆನ್ನಾಗಿದೆ. ಒಂದು ಸೇರಿಕೆ: ಮರಿಗಳಿಗೆ 8 ವಾರ ದಾಟಿದ ಮೇಲೆ ಒಂದೇ ಮೂಟೆಯಲ್ಲಿ ನಡೆಸಬಹುದು. ಆದರೆ ಅದು ಗ್ರೋವರ್ ಮ್ಯಾಶ್ ಆಗಿರಬೇಕು. ಎಲ್ಲಕ್ಕೂ ಅದನ್ನೇ ಹಾಕಿ, ಕಪ್ಪೆಚಿಪ್ಪಿನ ಚೂರನ್ನು ಬೇರೆ ಗರಟದಲ್ಲಿ ಇಡಿ. ಕ್ಯಾಲ್ಸಿಯಂ ಬೇಕಾದ ಕೋಳಿ ಅಲ್ಲಿಗೆ ಹೋಗುತ್ತದೆ, ಬೇಡದ್ದು ಹೋಗುವುದಿಲ್ಲ. ನಿಮ್ಮ ಹ್ಯಾಟೆಗಳು ಹೊರಗೆ ಮೇಯುವುದರಿಂದ ಪ್ರೋಟೀನ್ ಸ್ವಲ್ಪ ಕಡಿಮೆಯಾದರೂ ಹುಳದಲ್ಲಿ ಸಿಗುತ್ತದೆ.

ಹ್ಯಾಟೆಗಳಿಗೆ ಚಿಕ್ ಮ್ಯಾಶ್ ಹಾಕುವವರು ಚೀಟಿ ಓದಲೇಬೇಕು. ಕೆಲವು ಚಿಕ್ ಮ್ಯಾಶ್‌ಗಳಲ್ಲಿ ರಕ್ತಬೇಧಿ ತಡೆಯಲು ಕಾಕ್ಸಿಡಿಯೋಸಿಸ್ ಔಷಧ ಬೆರೆಸಿರುತ್ತಾರೆ. ಮೂರರಿಂದ ಆರು ವಾರದ ಮರಿಗೆ ಅದು ರಕ್ಷಣೆ. ಮೊಟ್ಟೆಯಿಡುವ ಕೋಳಿ ತಿಂದರೆ ಅದರ ಅಂಶ ಮೊಟ್ಟೆಗೆ ಬರಬಹುದು, ಆ ಮೊಟ್ಟೆಯನ್ನು ನಿಮ್ಮ ಮಕ್ಕಳೇ ತಿನ್ನುತ್ತಾರೆ.

ಹೊಸಕೋಳಿ, ಮೈಸೂರು
ಬ್ರಾಯ್ಲರ್ ಸ್ಟಾರ್ಟರ್ (ಮಾಂಸದ ಕೋಳಿ ಮರಿಯ ಮೇವು) ಹಾಕಿದರೆ ಹೇಗೆ? ನಮ್ಮೂರಿನಲ್ಲಿ ಅದು ಸುಲಭವಾಗಿ ಸಿಗುತ್ತದೆ. ಮರಿ ಎಷ್ಟು ಚೆನ್ನಾಗಿ ಮೈದುಂಬುತ್ತದೆ ಗೊತ್ತೇ!

ಹುಂಜದಕೂಗು, ಹಾಸನ
ಮೈದುಂಬುವುದೇ ತೊಂದರೆ. ಬ್ರಾಯ್ಲರನ್ನು ಆರು ವಾರದಲ್ಲಿ ಮಾರುತ್ತಾರೆ, ನೀವು ನಿಮ್ಮ ಹ್ಯಾಟೆಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಕೊಬ್ಬಿದ ಹ್ಯಾಟೆ ಮೊಟ್ಟೆ ಕಡಿಮೆ ಇಡುತ್ತದೆ.

ನಿವೃತ್ತ ಪಶುವೈದ್ಯೆ
ಚಿಕ್ ಮ್ಯಾಶ್ ಸಿಗದ ಊರಿನಲ್ಲಿ ಮೊದಲ ಕೆಲವು ವಾರ ಬ್ರಾಯ್ಲರ್ ಸ್ಟಾರ್ಟರ್ ಕೊಟ್ಟರೆ ಅನಾಹುತವೇನೂ ಇಲ್ಲ. ಲೇಯರ್ ಮ್ಯಾಶ್‌ಗಿಂತ ಸಾವಿರ ಪಾಲು ವಾಸಿ. ಆಮೇಲೆ ಮುಂದುವರಿಸಬೇಡಿ. ಗಿರಿರಾಜ ತಳಿಯನ್ನು ಮಾಂಸಕ್ಕೇ ಸಾಕುವವರಾದರೆ ಮಾತು ಬೇರೆ.

ಹಾಲುಡೇರಿ, ಮಂಡ್ಯ
ಮನೆಯಲ್ಲಿ ಹಸುವಿಗೆ ತಂದ ಪಶು ಆಹಾರದ ಮೂಟೆ ಹೇಗೂ ಇದೆ. ಅದರಲ್ಲೂ ಹಿಂಡಿ, ತೌಡು, ಖನಿಜ ಎಲ್ಲಾ ಇರುತ್ತದೆ. ಕೋಳಿಗೆ ಸ್ವಲ್ಪ ಹಾಕಿದರೆ ಆಗುವುದಿಲ್ಲವೇ?

ನಿವೃತ್ತ ಪಶುವೈದ್ಯೆ
ಬೇಡವೇ ಬೇಡ. ಪಶು ಆಹಾರದಲ್ಲಿ ಯೂರಿಯಾ ಇರಬಹುದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಿಂದ ಪ್ರೋಟೀನ್ ಕಟ್ಟುತ್ತವೆ, ಕೋಳಿಯ ಹೊಟ್ಟೆಯಲ್ಲಿ ಆ ವ್ಯವಸ್ಥೆ ಇಲ್ಲ. ಹತ್ತಿಬೀಜದ ಹಿಂಡಿಯೂ ಇರಬಹುದು, ಅದರ ವಿಷಾಂಶ ಗಾಸಿಪಾಲ್‌ನಿಂದ ಮೊಟ್ಟೆಯ ಭಂಡಾರ (ಹಳದಿ ಭಾಗ) ಹಸಿರು ಕಂದು ಬಣ್ಣಕ್ಕೆ ತಿರುಗುತ್ತದೆ. ನಾರು ಹೆಚ್ಚಾಗಿರುವುದರಿಂದ ಕೋಳಿಗೆ ಅರಗುವುದೂ ಕಷ್ಟ.

ಕೆರೆಯೇರಿ, ಶಿರಾ
ಚಿಪ್ಪಿಗೆ ಇಷ್ಟೆಲ್ಲ ಯಾಕೆ? ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಹಾಕಿ, ತಿಳಿ ಬಸಿದು ಕುಡಿಯಲು ಇಡಿ. ನಮ್ಮಮ್ಮ ಹಾಗೇ ಮಾಡುತ್ತಿದ್ದರು.

ಲೆಕ್ಕದ ಮೇಷ್ಟ್ರು, ದಾವಣಗೆರೆ
ಇದಕ್ಕೂ ಲೆಕ್ಕ ಇದೆ. ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ. ಒಂದು ಲೀಟರ್ ತಿಳಿಯಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂ ಕೂಡ ಇರುವುದಿಲ್ಲ. ಹ್ಯಾಟೆ ದಿನಕ್ಕೆ ಕಾಲು ಲೀಟರ್ ಕುಡಿದರೂ ಸಿಗುವುದು ಬೇಕಾದದ್ದರ ಹದಿನಾರನೇ ಒಂದು ಪಾಲು. ಗಷ್ಟನ್ನು ಕಲಕಿ ಕೊಟ್ಟರೆ ಬಾಯಿ ಗಂಟಲು ಸುಡುತ್ತದೆ. ನೀರು ಕಹಿಯಾದರೆ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ, ನೀರು ಕಡಿಮೆಯಾದ ದಿನ ಮೇವೂ ಕಡಿಮೆ, ಮೊಟ್ಟೆಯೂ ಕಡಿಮೆ. ಮನೆಯಲ್ಲಿ ಒಡೆದ ಮೊಟ್ಟೆಯ ಚಿಪ್ಪನ್ನೇ ತೊಳೆದು, ಹುರಿದು, ಪುಡಿ ಮಾಡಿ ಹಾಕುವುದು ಇದಕ್ಕಿಂತ ಎಷ್ಟೋ ಮೇಲು.

ಕೆರೆಯೇರಿ, ಶಿರಾ
ಚಿಪ್ಪು ಹಾಕಿದರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕಲು ಕಲಿಯುತ್ತದೆ ಎನ್ನುತ್ತಾರಲ್ಲ?

ಗೌರಿಬಿದನೂರಿನ ಅಕ್ಕ
ಅರ್ಧ ಹೋಳು ಹಾಗೆಯೇ ಎಸೆದರೆ ಕಲಿಯಬಹುದು. ಮೊಟ್ಟೆ ಎಂದು ಗುರುತು ಸಿಗದಂತೆ ಪುಡಿ ಮಾಡಿ ಹಾಕಿ.

ಗೋವಿನಜೋಳ, ರಾಣೆಬೆನ್ನೂರು
ನಾನು ಮನೆಯಲ್ಲೇ ಫೀಡ್ ಕೂಡಿಸುತ್ತೇನೆ. ಹೊಲದ ಮೆಕ್ಕೆಜೋಳವಿದೆ, ಊರಿನಲ್ಲಿ ಗಿರಣಿ ಇದೆ. ಮೊಟ್ಟೆ ಕೋಳಿಗೆ 100 ಕೆ.ಜಿ.ಗೆ ನಾನು ಹಾಕುವುದು ಹೀಗೆ: ನುಚ್ಚು ಮಾಡಿದ ಜೋಳ 52, ಸೋಯಾ ಹಿಂಡಿ 22, ಎಣ್ಣೆ ತೆಗೆದ ಅಕ್ಕಿ ತೌಡು 15, ಕಪ್ಪೆಚಿಪ್ಪಿನ ಚೂರು 9, ಡಿಸಿಪಿ (ಕ್ಯಾಲ್ಸಿಯಂ, ರಂಜಕ ಇರುವ ಪುಡಿ) ಒಂದೂವರೆ ಕೆ.ಜಿ., ಉಪ್ಪು 300 ಗ್ರಾಂ, ವಿಟಮಿನ್ ಮತ್ತು ಸೂಕ್ಷ್ಮ ಖನಿಜದ ಪ್ರೀಮಿಕ್ಸ್ 200 ಗ್ರಾಂ. ಪ್ರೀಮಿಕ್ಸ್ ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಪೊಟ್ಟಣ ನೋಡಿ ಹಾಕಬೇಕು. ಸಣ್ಣ ಪ್ರಮಾಣದ್ದನ್ನೆಲ್ಲ ಮೊದಲು ಒಂದು ಬುಟ್ಟಿ ಜೋಳದ ಹಿಟ್ಟಿಗೆ ಕಲಸಿ, ಆಮೇಲೆ ರಾಶಿಗೆ ಸೇರಿಸುತ್ತೇನೆ. ನೇರ ಎರಚಿದರೆ ಒಂದು ಕೋಳಿಗೆ ಎಲ್ಲ ಉಪ್ಪು, ಇನ್ನೊಂದಕ್ಕೆ ಏನೂ ಇಲ್ಲ.

ಮರಿಗಾದರೆ ಸೋಯಾವನ್ನು 30ಕ್ಕೆ ಏರಿಸಿ, ಚಿಪ್ಪನ್ನು 1 ಕೆ.ಜಿ.ಗೆ ಇಳಿಸುತ್ತೇನೆ. ಅದನ್ನೂ ನುಣ್ಣಗೆ ಪುಡಿ ಮಾಡಿಯೇ ಹಾಕುತ್ತೇನೆ. ಉಳಿದ ಜಾಗವನ್ನು ಜೋಳ ಮತ್ತು ತೌಡು ತುಂಬುತ್ತವೆ.

ಲೆಕ್ಕದ ಮೇಷ್ಟ್ರು, ದಾವಣಗೆರೆ
ಗುಣಿಸಿ ನೋಡಿದೆ. ಲೇಯರ್ ಮಿಶ್ರಣದ ಪ್ರೋಟೀನ್ ಹದಿನಾರೂವರೆ ದಾಟುತ್ತದೆ, ಕ್ಯಾಲ್ಸಿಯಂ ಮೂರೂವರೆಗೂ ಮೇಲೆ. ಅಚ್ಚುಕಟ್ಟಾಗಿದೆ.

ಹೊಸಕೋಳಿ, ಮೈಸೂರು
ಸೋಯಾ ಹಿಂಡಿಯ ಬದಲು ಸೋಯಾ ಕಾಳನ್ನೇ ಬೀಸಿ ಹಾಕಬಹುದೇ?

ಗೋವಿನಜೋಳ, ರಾಣೆಬೆನ್ನೂರು
ಹಸಿ ಕಾಳು ಬೇಡ. ಅದರಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ, ಚೆನ್ನಾಗಿ ಹುರಿದರೆ ಮಾತ್ರ ಹೋಗುತ್ತದೆ.

ನಿವೃತ್ತ ಪಶುವೈದ್ಯೆ
ಮನೆಯಲ್ಲಿ ಕೂಡಿಸುವವರಿಗೆ ನಾನು ಕೈಮುಗಿದು ಹೇಳುವುದು ಬೂಷ್ಟಿನ ಬಗ್ಗೆ. ಮುಂಗಾರು ಬೆಳೆಯ ಜೋಳ ಹಿಂಗಾರು ಮಳೆಗೆ ಸಿಕ್ಕಿ, ಅರೆ ಒಣಗಿದ್ದಾಗಲೇ ಚೀಲ ಸೇರುತ್ತದೆ. ಕಡಲೆಕಾಯಿ ಹಿಂಡಿಯದೂ ಅದೇ ಕಥೆ. ಅಫ್ಲಾಟಾಕ್ಸಿನ್ ಎಂಬ ವಿಷ ಅಲ್ಲಿ ಹುಟ್ಟುತ್ತದೆ, ಯಕೃತ್ತನ್ನು ಹಾಳು ಮಾಡುತ್ತದೆ. ಕಾಯಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಮರಿಗಳು ಬೆಳೆಯದೆ ಮಂಕಾಗುತ್ತವೆ. ಹಾಕಿಸಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ರಾಗಿಹೊಲ ಅವರು ಮೂಟೆ ಫೀಡ್ ಬಂದ ಮೇಲೆ ರೋಗ ಬಂತು ಎಂದರಲ್ಲ, ಕೆಟ್ಟ ಮೂಟೆಯ ವಿಷಯದಲ್ಲಿ ಅವರ ಅನುಮಾನ ಸುಳ್ಳಲ್ಲ.

ಕಾಳನ್ನು ಹಲ್ಲಿಗಿಟ್ಟು ಕಚ್ಚಿ. ಕಟಕ್ ಎಂದು ಒಡೆಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಒಣಗಿಲ್ಲ. ಮೂಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಒಳಗೆ ಬೆಚ್ಚಗಿದ್ದರೆ, ಗಡ್ಡೆ ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಅದು ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬಿಟ್ಟುಬಿಡಿ. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಮಳೆಗಾಲದಲ್ಲಿ ತಿಂಗಳಿಗಾಗುವಷ್ಟು ಮಾತ್ರ ತನ್ನಿ.

ರಾಗಿಹೊಲ, ಮಾಗಡಿ
ಇದನ್ನು ಒಪ್ಪುತ್ತೇನೆ ಮೇಡಂ. ನಮ್ಮ ಕಡೆ ಗೆದ್ದಲು ಕಟ್ಟುವುದನ್ನೂ ಬರೆಯುತ್ತೇನೆ, ಮರಿಗೆ ಅದಕ್ಕಿಂತ ಒಳ್ಳೆಯ ಪ್ರೋಟೀನ್ ಇಲ್ಲ. ಹಳೆಯ ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ತುಂಬಾ ಗೆದ್ದಲು. ಬಿಸಿಲು ಏರುವ ಮೊದಲೇ ಮರಿಗಳ ಮುಂದೆ ಕೊಡವಬೇಕು.

ರೇಷ್ಮೆಗೂಡು, ಶಿಡ್ಲಘಟ್ಟ
ನಮ್ಮಲ್ಲಿ ನೂಲು ಬಿಚ್ಚಾಣಿಕೆ ಆದ ಮೇಲೆ ಉಳಿಯುವ ಪ್ಯೂಪಾ (ಗೂಡಿನೊಳಗಿನ ರೇಷ್ಮೆಹುಳು) ರಾಶಿ ರಾಶಿ ಸಿಗುತ್ತದೆ. ಒಣಗಿಸಿದರೆ ಅರ್ಧಕ್ಕರ್ಧ ಪ್ರೋಟೀನ್. ಆದರೆ ಎಣ್ಣೆಯಂಶ ಜಾಸ್ತಿ, ಬೇಗ ಕಮಟುತ್ತದೆ. ಹೆಚ್ಚು ಹಾಕಿದರೆ ಮೊಟ್ಟೆಗೂ ವಾಸನೆ ಬರುತ್ತದೆ. ಅಂದಂದಿನದನ್ನು ಅಂದೇ ಒಣಗಿಸಿ, ಫೀಡಿನ ಜೊತೆ ಸ್ವಲ್ಪವೇ ಬೆರೆಸಿ.

ಹೊಸಕೋಳಿ, ಮೈಸೂರು
ಅಜೋಲಾ ಎಂಬ ನೀರಿನ ಸಸ್ಯ ಬೆಳೆದರೆ ಫೀಡ್ ಖರ್ಚು ಅರ್ಧ ಉಳಿಯುತ್ತದೆ ಎಂದು ವಿಡಿಯೋ ನೋಡಿದೆ.

ಲೆಕ್ಕದ ಮೇಷ್ಟ್ರು, ದಾವಣಗೆರೆ
ಒಣಗಿದ ಅಜೋಲಾದಲ್ಲಿ ಪ್ರೋಟೀನ್ ಶೇಕಡ 20ಕ್ಕೂ ಮೇಲೆ ಇರುವುದು ನಿಜ. ಆದರೆ ತೊಟ್ಟಿಯಿಂದ ಎತ್ತಿದ ಅಜೋಲಾದಲ್ಲಿ ಶೇಕಡ 90ಕ್ಕೂ ಹೆಚ್ಚು ನೀರೇ. 100 ಗ್ರಾಂ ಹಸಿ ಅಜೋಲಾದಿಂದ ಒಂದೂವರೆ ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚು. ಸೊಪ್ಪಿನಂತೆ ಕೊಡಿ, ನುಗ್ಗೆ ಸೊಪ್ಪನ್ನೂ ಕೊಡಿ. ಅದನ್ನು ನಂಬಿ ಮ್ಯಾಶ್ ಅರ್ಧ ಮಾಡಿದರೆ ಮೊಟ್ಟೆಯೂ ಅರ್ಧವಾಗುತ್ತದೆ.

ಬೆಂಗಳೂರು ಮಹಡಿಮನೆ
ನಡುವೆ ಬಾಯಿ ಹಾಕುತ್ತಿದ್ದೇನೆ. ನಾವು ತಿನ್ನುವವರು. ಕೇಸರಿ ಬಣ್ಣದ ಭಂಡಾರ ಇದ್ದರೆ ಅದು ಒಳ್ಳೆಯ ಮೇವು ತಿಂದ ನಾಟಿ ಮೊಟ್ಟೆ ಎಂದೇ ಅರ್ಥವಲ್ಲವೇ?

ಹುಂಜದಕೂಗು, ಹಾಸನ
ಅಲ್ಲ. ಬಣ್ಣ ಬರುವುದು ಹಳದಿ ಜೋಳ, ಹಸಿರು ಸೊಪ್ಪು, ಚೆಂಡುಹೂವಿನ ಸಾರದಿಂದ. ಗುಂಡ್ಲುಪೇಟೆ ಕಡೆ ಹೊಲಗಟ್ಟಲೆ ಬೆಳೆಯುವ ಚೆಂಡುಹೂವಿನಿಂದ ಬಣ್ಣ ತೆಗೆಯುತ್ತಾರೆ. ಅಂತಹ ಬಣ್ಣವನ್ನು ಕೋಳಿ ಫೀಡಿಗೂ ಬಳಸುತ್ತಾರೆ. ಅಕ್ಕಿ ನುಚ್ಚು ತಿಂದ ಕೋಳಿಯ ಭಂಡಾರ ಬಿಳಿಚಿಕೊಂಡಿದ್ದರೂ ಪ್ರೋಟೀನ್‌ನಲ್ಲಿ ಕೊರತೆ ಇರುವುದಿಲ್ಲ.

ಹಾಲುಡೇರಿ, ಮಂಡ್ಯ
ಡಿಸೆಂಬರ್ ಬಂದರೆ ನಮ್ಮ ಹ್ಯಾಟೆಗಳು ಮೊಟ್ಟೆ ನಿಲ್ಲಿಸುತ್ತವೆ. ಯಾವ ಫೀಡ್ ಬದಲಿಸಬೇಕು?

ನಿವೃತ್ತ ಪಶುವೈದ್ಯೆ
ಫೀಡ್ ಬದಲಿಸಬೇಡಿ. ಆಗ ಹಗಲು ಹನ್ನೊಂದು ಗಂಟೆಗೆ ಸ್ವಲ್ಪ ಹೆಚ್ಚು, ಮೊಟ್ಟೆಗೆ 14ರಿಂದ 16 ಗಂಟೆ ಬೆಳಕು ಬೇಕು. ನಸುಕಿನಲ್ಲಿ ಒಂದು ಬಲ್ಬ್ ಹಾಕಿ. ಪುಕ್ಕ ಉದುರಿಸುತ್ತಿರುವ ಹ್ಯಾಟೆಯನ್ನು ಮಾತ್ರ ಹಾಗೇ ಬಿಡಿ, ಅದಕ್ಕೆ ವಿಶ್ರಾಂತಿ ಬೇಕು.

ತೋಟದಮನೆ, ತುರುವೇಕೆರೆ
ಚಿಕ್ ಮ್ಯಾಶ್ ತಂದೆ, ಚೀಟಿಯಲ್ಲಿ ಪ್ರೋಟೀನ್ 20, ಕ್ಯಾಲ್ಸಿಯಂ 1 ಎಂದಿದೆ. ಅಕ್ಕ ಹೇಳಿದಂತೆ ಮಂಕರಿ ಬೋರಲು ಹಾಕಿದ್ದೇನೆ, ಹ್ಯಾಟೆಗಳು ಸುತ್ತ ತಿರುಗುತ್ತಿವೆ, ಮರಿಗಳು ಒಳಗೆ ಆರಾಮವಾಗಿ ತಿನ್ನುತ್ತಿವೆ. ಶೆಲ್ ಗ್ರಿಟ್ ಕೂಡ ಗರಟದಲ್ಲಿಟ್ಟೆ. ಇನ್ನೊಂದೇ ಪ್ರಶ್ನೆ. ಸ್ವರ್ಣಧಾರಾ ಮರಿಗಳಿಗೆ ಲೇಯರ್ ಮ್ಯಾಶ್ ಯಾವಾಗ ಶುರು ಮಾಡಲಿ? ಮೊದಲ ಮೊಟ್ಟೆ ಕಂಡ ದಿನವೇ?

ನಿವೃತ್ತ ಪಶುವೈದ್ಯೆ
ಸ್ವಲ್ಪ ಮೊದಲೇ. ಐದನೇ ತಿಂಗಳ ಹೊತ್ತಿಗೆ ಜುಟ್ಟು ದೊಡ್ಡದಾಗಿ ಕೆಂಪೇರುತ್ತದೆ, ಹತ್ತಿರ ಹೋದರೆ ರೆಕ್ಕೆ ಅಗಲಿಸಿ ಕುಕ್ಕರಿಸುತ್ತದೆ. ಬಾಲದ ಕೆಳಗಿನ ಎರಡು ಚೂಪು ಮೂಳೆಗಳ ನಡುವೆ ಎರಡು ಬೆರಳು ಆಡುವಂತಾದರೆ ಮೊಟ್ಟೆ ಹತ್ತಿರ ಬಂದಿದೆ ಎಂದರ್ಥ. ಹಿಂಡಿನಲ್ಲಿ ಹೆಚ್ಚಿನವು ಹೀಗೆ ಕಂಡಾಗ ಗ್ರೋವರ್ ಜೊತೆ ಲೇಯರ್ ಮ್ಯಾಶನ್ನು ಕಾಲು ಪಾಲು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು ಎಂದು ಒಂದು ವಾರದಲ್ಲಿ ಬದಲಿಸಿ. ಒಂದೇ ದಿನ ಬದಲಿಸಿದರೆ ತಿನ್ನುವುದನ್ನು ಬಿಡುತ್ತವೆ, ಹಿಕ್ಕೆ ನೀರಾಗುತ್ತದೆ.

ಗೌರಿಬಿದನೂರಿನ ಅಕ್ಕ
ತಮ್ಮಾ, ಗರಟಕ್ಕೆ ಮಳೆ ನೀರು ಬೀಳದಂತೆ ನೋಡಿಕೋ. ಮರಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಿದ್ದೀಯಾ? ಇಲ್ಲವಾದರೆ ನಾಳೆಯೇ ಪಶು ಆಸ್ಪತ್ರೆಗೆ ಹೋಗು.